ಕೊಂಡದ್ದು, ಬಾಡಿಗೆಗೆ ತಂದದ್ದು, ಶಿಬಿರದಲ್ಲಿ ಸಿಕ್ಕಿದ್ದು, ಎರವಲು ಪಡೆದದ್ದು: ಅಮ್ಮನ ಸಲಕರಣೆಗಳ ಒಂದು ಹೋಲಿಕೆ

ಕಳೆದ ವರ್ಷ ಯುಗಾದಿ ಮುಗಿದ ಎರಡನೇ ವಾರದಲ್ಲಿ ನಮ್ಮ ಅಮ್ಮನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಎರಡೂ ಸ್ವಾಧೀನ ತಪ್ಪಿದವು. ಅಂದಿನಿಂದ ಇಂದಿನವರೆಗಿನ ಹದಿನಾಲ್ಕು ತಿಂಗಳಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಹಳ್ಳಿಯ ಮನೆಗೆ ಸಾಧನ ಸಲಕರಣೆಗಳು ನಾಲ್ಕು ಬೇರೆ ಬೇರೆ ಕಡೆಯಿಂದ ಬಂದಿವೆ. ಕೆಲವನ್ನು ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಂಡೆವು. ಒಂದನ್ನು ಬೆಂಗಳೂರಿನಿಂದ ತಿಂಗಳ ಬಾಡಿಗೆಗೆ ತರಿಸಿದೆವು. ಒಂದು ಸರ್ಕಾರದ ಉಚಿತ ವಿತರಣಾ ಶಿಬಿರದಲ್ಲಿ ಸಿಕ್ಕಿತು. ಉಳಿದವನ್ನು ಚಿಕ್ಕಬಳ್ಳಾಪುರದಲ್ಲಿ ಕೆಲವು ನಿವೃತ್ತ ನೌಕರರೂ ವಿಕಲಚೇತನರ ಮನೆಯವರೂ ಸೇರಿ ನಡೆಸುತ್ತಿರುವ ಎರವಲು ಭಂಡಾರದಿಂದ ತಂದೆವು. ಇದೇ ಸ್ಥಿತಿಯಲ್ಲಿರುವ ಮನೆಯವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಯಾವುದು ಅಗ್ಗ? ನಾನು ಮೊದಲು ಹಾಗೆಯೇ ಲೆಕ್ಕ ಹಾಕಿದ್ದೆ. ಈಗ ನನ್ನ ಅಭಿಪ್ರಾಯ ಬೇರೆಯಾಗಿದೆ. ಕಾಯಿಲೆಯ ಮೊದಲ ಆರು ತಿಂಗಳಲ್ಲಿ ದೇಹದ ಸ್ಥಿತಿ ವಾರದಿಂದ ವಾರಕ್ಕೆ ಬದಲಾಗುತ್ತದೆ; ಆ ಬದಲಾವಣೆಯ ಜೊತೆಗೇ ಸಲಕರಣೆಯನ್ನೂ ಬದಲಾಯಿಸಿಕೊಳ್ಳುವ ಅವಕಾಶ ಎಲ್ಲಿದೆಯೋ ಅದೇ ಒಳ್ಳೆಯ ದಾರಿ.

ಮೊದಲು ಅಂಗಡಿಯ ವಿಷಯ. ಅಮ್ಮ ಆಸ್ಪತ್ರೆಯಿಂದ ಮನೆಗೆ ಬರುವ ದಿನವೇ ಗಾಬರಿಯಲ್ಲಿ 7,800 ರೂಪಾಯಿ ಕೊಟ್ಟು ಮಡಚುವ ಗಾಲಿಕುರ್ಚಿಯನ್ನೂ, 1,600 ರೂಪಾಯಿಗೆ ಒಂದು ವಾಕರನ್ನೂ ತಂದೆ. ಅಂಗಡಿಯವರು ಕೇಳಿದ್ದು ರೋಗಿ ಗಂಡಸೋ ಹೆಂಗಸೋ ಎಂಬುದನ್ನು ಮಾತ್ರ; ಯಾವ ಕೈಗೆ ಬಲವಿಲ್ಲ ಎಂದು ಅವರು ಕೇಳಲಿಲ್ಲ, ಹೇಳಬೇಕೆಂದು ನನಗೂ ತಿಳಿಯಲಿಲ್ಲ. ವಾಕರನ್ನು ಎರಡೂ ಕೈಗಳಿಂದ ಎತ್ತಿ ಮುಂದಿಡಬೇಕು. ಒಂದು ಕೈ ಮಾತ್ರ ಕೆಲಸ ಮಾಡುವವರು ಅದನ್ನು ಎತ್ತಿದರೆ ಅದು ಓರೆಯಾಗಿ ತಿರುಗಿ ಅವರನ್ನೇ ಬೀಳಿಸುತ್ತದೆ. ಫಿಸಿಯೋಥೆರಪಿ ಮಾಡಿಸಲು ಬಂದವರು ಅದನ್ನು ನೋಡಿದ ಕೂಡಲೇ ಮೂಲೆಗೆ ಇಡಿಸಿದರು. ಬಿಲ್ಲಿನ ಮೇಲೆ ‘ಮಾರಿದ ಸರಕನ್ನು ವಾಪಸು ಪಡೆಯುವುದಿಲ್ಲ’ ಎಂದು ಮೊದಲೇ ಅಚ್ಚಾಗಿತ್ತು. ಗಾಲಿಕುರ್ಚಿಯ ಕಥೆ ಇನ್ನೂ ಬೇಸರದ್ದು. ಅದರ ಆಸನ 18 ಇಂಚು ಅಗಲ, ಅಮ್ಮ ಸಣ್ಣ ಮೈಕಟ್ಟಿನವರು. ಬಲಬದಿಗೆ ಹಿಡಿತವಿಲ್ಲದ ಕಾರಣ ಕೂರಿಸಿದ ಹತ್ತು ನಿಮಿಷದಲ್ಲಿ ಆ ಬದಿಗೆ ವಾಲಿಬಿಡುತ್ತಿದ್ದರು. ನಾವು ಎರಡು ದಿಂಬುಗಳನ್ನು ತುರುಕುತ್ತಿದ್ದೆವು. ಕುರ್ಚಿಯ ಹೊರಗಿನ ಅಗಲ 26 ಇಂಚು, ನಡುಮನೆಯಿಂದ ಅಡುಗೆಮನೆಗೆ ಹೋಗುವ ಬಾಗಿಲಿನ ಅಗಲ 25 ಇಂಚು. ಹೀಗಾಗಿ ಮೂವತ್ತು ವರ್ಷ ತಾವೇ ಆಳಿದ ಅಡುಗೆಮನೆಯನ್ನು ಅಮ್ಮ ಬಾಗಿಲಾಚೆಯಿಂದ ನೋಡುವಂತಾಯಿತು.

ಆದರೂ ಅಂಗಡಿಯಿಂದಲೇ ಕೊಳ್ಳಬೇಕಾದ ವಸ್ತುಗಳಿವೆ. ಮಲಮೂತ್ರದ ಪಾತ್ರೆಗಳನ್ನು ಯಾರೂ ಎರವಲು ಕೇಳುವುದಿಲ್ಲ. ಏರ್ ಬೆಡ್ ಕೂಡ ಸ್ವಂತದ್ದೇ ಇರಲಿ ಎಂಬುದು ನನ್ನ ಅನುಭವದ ಮಾತು. ಗಾಳಿ ತುಂಬುವ ಗುಳ್ಳೆಗಳ ಸಾಲುಗಳಿರುವ ಆ ಹಾಸಿಗೆಯ ಪಂಪು ಕೆಲವು ನಿಮಿಷಗಳಿಗೊಮ್ಮೆ ಒಂದು ಸಾಲಿನ ಗಾಳಿಯನ್ನು ಇಳಿಸಿ ಇನ್ನೊಂದು ಸಾಲಿಗೆ ತುಂಬುತ್ತದೆ. ಹೀಗೆ ಮೈಯ ಒಂದೇ ಭಾಗದ ಮೇಲೆ ಒತ್ತಡ ನಿಲ್ಲುವುದಿಲ್ಲ, ಹಾಸಿಗೆ ಹುಣ್ಣಿನ ಭಯ ಕಡಿಮೆಯಾಗುತ್ತದೆ. ನಾವು ಮೊದಲು ಎರವಲು ತಂದ ಏರ್ ಬೆಡ್ಡಿಗೆ ಎರಡು ಕಡೆ ತೇಪೆ ಹಾಕಿತ್ತು. ಒಂದು ರಾತ್ರಿ ಕರೆಂಟು ಇದ್ದಾಗಲೇ ಅದು ನಿಧಾನವಾಗಿ ಕುಸಿಯಿತು, ಬೆಳಗಿನವರೆಗೆ ನಮಗೆ ಗೊತ್ತಾಗಲಿಲ್ಲ. ಬೆನ್ನಿನ ಕೆಳಗೆ ಚರ್ಮ ಕೆಂಪಾಗಿತ್ತು. ದೇವರ ದಯೆಯಿಂದ ಹುಣ್ಣಾಗಲಿಲ್ಲ. ಅಂದಿನಿಂದ ಮಲಗುವ ಮುನ್ನ ಹಾಸಿಗೆಯ ಕೆಳಗೆ ಅಂಗೈ ತೂರಿಸಿ, ಅಮ್ಮನ ಮೂಳೆಗೂ ನನ್ನ ಕೈಗೂ ನಡುವೆ ಒಂದು ಇಂಚಿನಷ್ಟಾದರೂ ಗಾಳಿ ಇದೆಯೇ ಎಂದು ನೋಡುವುದನ್ನು ರೂಢಿ ಮಾಡಿಕೊಂಡೆ. ಹೊಸ ಏರ್ ಬೆಡ್ಡನ್ನು 2,900 ರೂಪಾಯಿಗೆ ಕೊಂಡೆ. ಅದು ಬಂದ ಮೇಲೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ಬಿಡಲಿಲ್ಲ, ಯಾರೂ ಬಿಡಬಾರದು.

ಬಾಡಿಗೆಗೆ ತಂದದ್ದು ತಲೆಯ ಭಾಗವನ್ನು ಹಿಡಿಕೆ ತಿರುವಿ ಎತ್ತುವ ಮಂಚ, ಆಸ್ಪತ್ರೆಯವರು ಫೌಲರ್ ಕಾಟ್ ಎನ್ನುತ್ತಾರಲ್ಲ, ಅದು. ತಿಂಗಳಿಗೆ 1,800 ರೂಪಾಯಿ, ಸಾಗಣೆಗೆ 1,500, ಮುಂಗಡ 5,000. ಐದು ತಿಂಗಳಿಗೆ ಮುಂಗಡ ಬಿಟ್ಟು 10,500 ರೂಪಾಯಿ ಖರ್ಚಾಯಿತು. ಇದು ದುಬಾರಿ ನಿಜ, ಆದರೆ ಈ ಒಂದು ವಸ್ತುವಿನ ಮಟ್ಟಿಗೆ ನನಗೆ ದೂರಿಲ್ಲ. ಅವರೇ ತಂದು ಜೋಡಿಸಿದರು, ಎರಡನೇ ತಿಂಗಳು ಹಿಡಿಕೆಯ ಹಲ್ಲು ಸವೆದಾಗ ಮೂರೇ ದಿನದಲ್ಲಿ ಬೇರೆ ಹಿಡಿಕೆ ಕಳಿಸಿದರು, ಬೇಡವಾದಾಗ ಬಂದು ಒಯ್ದರು. ಭಂಡಾರದಲ್ಲಿ ಅಂಥ ಮಂಚಗಳು ಎರಡೇ ಇದ್ದವು, ಎರಡಕ್ಕೂ ಕಾಯುವವರ ಸಾಲು ಇತ್ತು. ಸಿಕ್ಕಿದ್ದರೂ ಅದನ್ನು ಹಳ್ಳಿಗೆ ತರಲು ಟೆಂಪೋ ನಾವೇ ಮಾಡಬೇಕಿತ್ತು. ಮಂಚ ಕೊಟ್ಟ ಬಾಡಿಗೆ ಅಂಗಡಿಯೇ ಗಾಲಿಕುರ್ಚಿಗೆ ತಿಂಗಳಿಗೆ 900 ರೂಪಾಯಿ ಹೇಳಿತು. ಒಂಬತ್ತು ತಿಂಗಳು ಕಳೆದರೆ ಹೊಸ ಕುರ್ಚಿಯ ಬೆಲೆಯನ್ನೇ ದಾಟುವ ಲೆಕ್ಕವದು.

ಸರ್ಕಾರದ ದಾರಿಯನ್ನು ನಮಗೆ ತೋರಿಸಿದವರು ನಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ. ವಿಕಲಚೇತನರಿಗೆ ಸಲಕರಣೆ ಕೊಡುವ ಕೇಂದ್ರದ ಅಡಿಪ್ ಯೋಜನೆ 1981ರಿಂದಲೂ ಇದೆ. ಹೆಚ್ಚಿನ ವಸ್ತುಗಳು ಕಾನ್ಪುರದಲ್ಲಿ 1972ರಲ್ಲಿ ಸ್ಥಾಪನೆಯಾದ ಅಲಿಮ್ಕೋ ಎಂಬ ಸರ್ಕಾರಿ ಉದ್ಯಮದಿಂದ ಬರುತ್ತವೆ. ಶೇಕಡ 40ಕ್ಕಿಂತ ಕಡಿಮೆಯಿಲ್ಲದ ಅಂಗವಿಕಲತೆಯ ಪ್ರಮಾಣಪತ್ರ ಬೇಕು, ಕುಟುಂಬದ ಆದಾಯಕ್ಕೆ ಮಿತಿಯಿದೆ, ಒಂದೇ ಉದ್ದೇಶಕ್ಕೆ ಮೂರು ವರ್ಷದೊಳಗೆ ಎರಡನೇ ಸಲ ಕೊಡುವುದಿಲ್ಲ. ಅಮ್ಮನಿಗೆ 58 ವರ್ಷ. 60 ತುಂಬಿದ್ದರೆ 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಗೂ ಅರ್ಜಿ ಹಾಕಬಹುದಿತ್ತು. ಪ್ರಮಾಣಪತ್ರಕ್ಕೆ ಹೋದಾಗ ವೈದ್ಯರು, ಲಕ್ವದಲ್ಲಿ ಮೊದಲ ತಿಂಗಳುಗಳಲ್ಲೇ ಹೆಚ್ಚು ಚೇತರಿಕೆ ಆಗುವುದರಿಂದ ಶಾಶ್ವತವಾಗಿ ಎಷ್ಟು ಉಳಿಯುತ್ತದೆ ಎಂಬುದನ್ನು ಈಗಲೇ ಅಳೆಯಲಾಗದು, ಆರು ತಿಂಗಳು ಕಳೆದು ಬನ್ನಿ ಎಂದರು. ಅವರ ಮಾತಿನಲ್ಲಿ ತಪ್ಪಿಲ್ಲ. ಆದರೆ ಸಲಕರಣೆ ಅತಿ ಹೆಚ್ಚು ಬೇಕಾಗುವುದೂ, ಅತಿ ಬೇಗ ಬದಲಾಗಬೇಕಾಗುವುದೂ ಅದೇ ಆರು ತಿಂಗಳಲ್ಲಿ. ಆಮೇಲೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು ಬಂತು, ತಪಾಸಣಾ ಶಿಬಿರ ಆಯಿತು, ಅದಾಗಿ ನಾಲ್ಕು ತಿಂಗಳಿಗೆ ವಿತರಣಾ ಶಿಬಿರ. ಅಲ್ಲಿ ಸಿಕ್ಕಿದ್ದು ಮೂರು ಕಾಲಿನ ಊರುಗೋಲು: ಹೊಸದು, ಗಟ್ಟಿಮುಟ್ಟಾದದ್ದು, ಎತ್ತರ ಸರಿಪಡಿಸಿಕೊಳ್ಳಬಹುದಾದದ್ದು, ಪೂರ್ತಿ ಉಚಿತ. ತಡವಾಗಿ ಬಂದರೂ ಇನ್ನು ಅಮ್ಮನ ಕೈಯಲ್ಲಿ ವರ್ಷಗಟ್ಟಲೆ ಇರುವ ವಸ್ತುವದು. ಹಾಗೆಯೇ ಶ್ರವಣ ಸಾಧನ, ಕೃತಕ ಕಾಲು ಮುಂತಾಗಿ ಒಬ್ಬರ ಮೈಗೇ ಅಳತೆ ತೆಗೆದು ಕೂರಿಸುವಂಥವಕ್ಕೆ ಶಿಬಿರವೇ ಸರಿ, ಅವು ಎರವಲಿನ ವಸ್ತುಗಳಲ್ಲ.

ಇನ್ನು ಎರವಲು ಭಂಡಾರ. ದಾನಿಯೊಬ್ಬರು ಬಿಟ್ಟುಕೊಟ್ಟ ಎರಡು ಕೋಣೆ, ಗೋಡೆಗೆ ಒರಗಿಸಿದ ಮಡಚಿದ ಗಾಲಿಕುರ್ಚಿಗಳು, ಎತ್ತರದ ಪ್ರಕಾರ ಜೋಡಿಸಿದ ಊರುಗೋಲುಗಳು, ಕಮೋಡ್ ಕುರ್ಚಿಗಳು, ಒಂದು ಮೇಜಿನ ಮೇಲೆ ಉದ್ದನೆಯ ರಿಜಿಸ್ಟರು. ಬುಧವಾರ ಸಂಜೆ ಮತ್ತು ಭಾನುವಾರ ಬೆಳಿಗ್ಗೆ ಮಾತ್ರ ತೆರೆದಿರುತ್ತದೆ. ಆಧಾರ್ ಪ್ರತಿ ಮತ್ತು 500 ರೂಪಾಯಿ ಠೇವಣಿ ಕೊಡಬೇಕು, ಬಾಡಿಗೆ ಇಲ್ಲ, ಮೂರು ತಿಂಗಳ ಅವಧಿ, ಬೇಕಿದ್ದರೆ ಫೋನ್ ಮಾಡಿ ಮುಂದುವರಿಸಬಹುದು. ಶಾಲಾ ಮೇಷ್ಟರಾಗಿ ನಿವೃತ್ತರಾದವರೊಬ್ಬರು ಅಲ್ಲಿ ಕೂತಿದ್ದರು. ನಾನು ಗಾಲಿಕುರ್ಚಿ ಎಂದೊಡನೆ ಅವರು ಕುರ್ಚಿಯ ಕಡೆಗೆ ನೋಡಲಿಲ್ಲ, ಡ್ರಾಯರಿನಿಂದ ದರ್ಜಿಯ ಟೇಪನ್ನು ತೆಗೆದು ನನ್ನ ಕೈಗೆ ಕೊಟ್ಟು, “ಮನೆಗೆ ಹೋಗಿ ನಾಲ್ಕು ಅಳತೆ ತನ್ನಿ ಸಾರ್. ಅಮ್ಮ ಕೂತಾಗ ಸೊಂಟದ ಅಗಲ, ಮಂಡಿಯ ಹಿಂಬದಿಯಿಂದ ಹಿಮ್ಮಡಿವರೆಗೆ, ಮನೆಯ ಅತಿ ಸಣ್ಣ ಬಾಗಿಲು, ಹೊಸ್ತಿಲಿನ ಎತ್ತರ” ಎಂದರು. ಮುಂದಿನ ಭಾನುವಾರ ಆ ಚೀಟಿ ನೋಡಿ 16 ಇಂಚು ಆಸನದ, ನೆಲಕ್ಕೆ ತುಸು ತಗ್ಗಾದ ಕುರ್ಚಿಯೊಂದನ್ನು ಆರಿಸಿದರು. ಅದರ ಹೊರಗಿನ ಅಗಲ 24 ಇಂಚಿಗೆ ಒಂದು ಎಳೆ ಕಡಿಮೆ. ಎಡಬದಿಯ ಕಾಲುಹಲಗೆಯನ್ನು ಸ್ಪ್ಯಾನರ್ ಹಿಡಿದು ತಾವೇ ಬಿಚ್ಚಿ ನನ್ನ ಚೀಲಕ್ಕೆ ಹಾಕಿದರು. ಎಡಗಾಲು ನೆಲ ಮುಟ್ಟುವಂತಿದ್ದರೆ ಅಮ್ಮ ಆ ಕಾಲಿನಿಂದಲೇ ನೆಲವನ್ನು ಒತ್ತಿ, ಎಡಗೈಯಿಂದ ಚಕ್ರ ತಿರುಗಿಸಿ ತಾವಾಗಿ ಓಡಾಡಬಹುದು ಎಂದು ವಿವರಿಸಿದರು. ಹೊಸ್ತಿಲು ನಾಲ್ಕು ಇಂಚು ಎತ್ತರವಿದ್ದುದರಿಂದ ಒಂದು ಇಂಚು ಎತ್ತರಕ್ಕೆ ಹನ್ನೆರಡು ಇಂಚು ಉದ್ದದ ಲೆಕ್ಕದಲ್ಲಿ ನಾಲ್ಕು ಅಡಿ ಉದ್ದದ ಎರಡು ಇಳಿಜಾರು ಹಲಗೆಗಳನ್ನೂ ಕೊಟ್ಟರು, ಒಳಗೊಂದು, ಹೊರಗೊಂದು. ಅರಿಶಿನ ಕುಂಕುಮ ಇಡುವ ಹೊಸ್ತಿಲನ್ನು ಒಡೆಸಲು ಅಮ್ಮ ಒಪ್ಪುತ್ತಿರಲಿಲ್ಲ. ಹಲಗೆಗಳಾದರೆ ಬೇಕಾದಾಗ ಇಟ್ಟು ತೆಗೆಯಬಹುದು.

ಅಂದು ಮಧ್ಯಾಹ್ನ ಅಮ್ಮ ಕುರ್ಚಿಯಲ್ಲಿ ಕೂತು, ಎಡ ಹಿಮ್ಮಡಿಯನ್ನು ನೆಲಕ್ಕೆ ಊರಿ ಗೇಣುಗೇಣಾಗಿ ಸರಿಯುತ್ತಾ, ಬಾಗಿಲಿನ ಎರಡೂ ಕಡೆ ಅರ್ಧ ಇಂಚು ಬಿಟ್ಟುಕೊಂಡು ಅಡುಗೆಮನೆಗೆ ಹೋದರು. ಒಲೆಯ ಪಕ್ಕದ ಡಬ್ಬಿಗಳನ್ನು ಒಂದೊಂದಾಗಿ ನೋಡಿ, ತೊದಲುತ್ತಲೇ, “ಹುಣಸೆಹಣ್ಣು ಎಲ್ಲಿಟ್ಟಿದ್ದೀರ?” ಎಂದು ಕೇಳಿದರು. ಲಕ್ವದ ನಂತರ ಅವರು ತಾವಾಗಿ ಮನೆಯ ವಿಚಾರ ಕೇಳಿದ್ದು ಅದೇ ಮೊದಲು.

ಭಂಡಾರದ ಕೊರತೆಗಳನ್ನು ಮುಚ್ಚಿಟ್ಟರೆ ಹೋಲಿಕೆ ಪ್ರಾಮಾಣಿಕವಾಗುವುದಿಲ್ಲ. ಆ ಕುರ್ಚಿಯ ಮುಂದಿನ ಸಣ್ಣ ಚಕ್ರವೊಂದು ಸವೆದು ಕಟಕಟ ಎನ್ನುತ್ತಿತ್ತು, ರಿಪೇರಿಗೆ ಅವರಲ್ಲಿ ಗೊತ್ತಾದ ಜನವಿಲ್ಲ, ಕೊನೆಗೆ ನಮ್ಮೂರ ಸೈಕಲ್ ಷಾಪಿನವನೇ ಬೇರಿಂಗ್ ಬದಲಿಸಿಕೊಟ್ಟ. ಕಮೋಡ್ ಕುರ್ಚಿಗೆ ಐದು ವಾರ ಕಾದೆವು. ಆ ಐದು ವಾರ ಪ್ಲಾಸ್ಟಿಕ್ ಕುರ್ಚಿಯ ನಡುವೆ ಕೊರೆದು ಸುಧಾರಿಸಿದೆವು, ಅದು ಅಲುಗಾಡುತ್ತಿತ್ತು, ಹಾಗೆ ಮಾಡುವುದು ಕ್ಷೇಮವಲ್ಲ. ಕಾಯಬೇಕಾಗುವುದಕ್ಕೆ ವಸ್ತುಗಳ ಸಂಖ್ಯೆ ಒಂದೇ ಕಾರಣವಲ್ಲ ಎಂದು ಮೇಷ್ಟರು ಹೇಳಿದರು. ಬಳಸುತ್ತಿದ್ದವರು ತೀರಿಕೊಂಡ ಮನೆಯಿಂದ ವಸ್ತುವನ್ನು ವಾಪಸು ಕೇಳಲು ಇವರಿಗೆ ಸಂಕೋಚ, ಕೊಡಲು ಅವರಿಗೆ ನೆನಪಿರುವುದಿಲ್ಲ. ಬಂದರೂ ಸತ್ತವರ ಮನೆಯ ಕುರ್ಚಿ ಎಂದು ತಿಳಿದರೆ ಕೆಲವರು ಮುಟ್ಟುವುದಿಲ್ಲ. ಇದು ನಮ್ಮ ಮನೆಯಲ್ಲೂ ನಡೆಯಿತು. ಕುರ್ಚಿ ಬಂದ ದಿನ ದೊಡ್ಡಮ್ಮ ರಿಜಿಸ್ಟರಿನಲ್ಲಿ ನಮಗಿಂತ ಮೊದಲು ಯಾರ ಹೆಸರಿತ್ತು ಎಂದು ಕೇಳಿದರು, ನಾನು ಉತ್ತರಿಸಲು ತಡವರಿಸಿದೆ. ಅಮ್ಮನಿಗೆ ಅರ್ಥವಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, ಎಡಗೈಯಿಂದ ಕುರ್ಚಿಯ ತೋಳನ್ನು ಸೆರಗಿನಲ್ಲಿ ಒರೆಸಿ, “ಅವರ ಭಾರ ಹೊತ್ತಿದೆ, ನನ್ನದೂ ಹೊರಲಿ” ಎಂದರು. ದೊಡ್ಡಮ್ಮ ಮತ್ತೆ ಆ ಮಾತು ಎತ್ತಲಿಲ್ಲ.

ಬದಲಾಯಿಸಿಕೊಳ್ಳುವ ಅನುಕೂಲ ಎಷ್ಟು ದೊಡ್ಡದೆಂಬುದು ಗೌರಿಬಿದನೂರಿನಲ್ಲಿರುವ ನಮ್ಮ ಅಕ್ಕನ ಮಗನನ್ನು ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಮೈಕೈಗಳ ಹಿಡಿತ ತಪ್ಪುವ ಸ್ಥಿತಿ, ಇರುವ ಏಳು ವರ್ಷದ ಹುಡುಗ ಅವನು. ಬೆಳೆಯುವ ಮಗುವಿಗೆ ಎದೆಪಟ್ಟಿ, ತಲೆಯ ಆಸರೆ, ಮುಂದೆ ಊಟದ ಹಲಗೆ ಇರುವ ವಿಶೇಷ ಕುರ್ಚಿ ಬೇಗ ಚಿಕ್ಕದಾಗುತ್ತದೆ. ಅಡಿಪ್ ಯೋಜನೆಯಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ಮೂರು ವರ್ಷದ ಬದಲು ಒಂದೇ ವರ್ಷದ ಅಂತರ ಸಾಕು ಎಂಬ ನಿಯಮವಿರುವುದು ಒಳ್ಳೆಯದೇ, ಆದರೆ ಶಿಬಿರ ಮಗುವಿನ ಬೆಳವಣಿಗೆಗೆ ಸರಿಯಾಗಿ ಬರಬೇಕಲ್ಲ. ಅಕ್ಕ ಎರಡು ವರ್ಷದಲ್ಲಿ ಭಂಡಾರದಿಂದ ಎರಡು ಸಲ ಕುರ್ಚಿ ಬದಲಾಯಿಸಿಕೊಂಡಿದ್ದಾಳೆ. ಚಿಕ್ಕದಾದದ್ದು ಅವಳು ವಾಪಸು ತಂದ ದಿನವೇ ಇನ್ನೊಂದು ಮಗುವಿಗೆ ಹೋಯಿತು.

ಹೊಸದಾಗಿ ಈ ಕಷ್ಟಕ್ಕೆ ಬಿದ್ದವರು ನನ್ನನ್ನು ಕೇಳಿದರೆ ನಾನು ಹೇಳುವ ಕ್ರಮ ಇದು. ಮೊದಲ ದಿನ ಅಂಗಡಿಯಿಂದ ಏರ್ ಬೆಡ್ ಮತ್ತು ಪಾತ್ರೆಗಳನ್ನು ಬಿಟ್ಟು ಬೇರೇನನ್ನೂ ಕೊಳ್ಳಬೇಡಿ. ದೊಡ್ಡ ಮಂಚ ಬೇಕೇ ಬೇಕೆಂದರೆ ಎರಡು ಮೂರು ತಿಂಗಳಿಗೆ ಬಾಡಿಗೆ ಸಾಕು. ಗಾಲಿಕುರ್ಚಿ, ಕಮೋಡ್ ಕುರ್ಚಿ, ಊರುಗೋಲುಗಳನ್ನು ಹತ್ತಿರದಲ್ಲಿ ಎರವಲು ಭಂಡಾರವಿದ್ದರೆ ಅಲ್ಲಿಂದಲೇ ತನ್ನಿ, ಅಳತೆ ಬರೆದುಕೊಂಡು ಹೋಗಿ. ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಮೊದಲ ವಾರದಲ್ಲೇ ಕಂಡು ಹೆಸರು ಬರೆಸಿ, ಏಕೆಂದರೆ ಸ್ಥಿತಿ ಒಂದು ಹದಕ್ಕೆ ಬಂದ ಮೇಲೆ ಉಳಿಯುವ ಸಲಕರಣೆ ಸ್ವಂತದ್ದಾಗಿರಬೇಕು, ಅದನ್ನು ಕೊಡಬೇಕಾದದ್ದು ಸರ್ಕಾರವೇ.

ಕಳೆದ ತಿಂಗಳು ಗಾಲಿಕುರ್ಚಿಯನ್ನು ವಾಪಸು ಕೊಟ್ಟೆವು. ಅಮ್ಮ ಈಗ ಮೂರು ಕಾಲಿನ ಊರುಗೋಲನ್ನು ಎಡಗೈಯಲ್ಲಿ ಹಿಡಿದು, ಮೊದಲು ಕೋಲು, ಆಮೇಲೆ ಬಲಗಾಲು, ಕೊನೆಗೆ ಎಡಗಾಲು ಎಂಬ ಕ್ರಮದಲ್ಲಿ ಹಿತ್ತಲಿನ ರೇಷ್ಮೆ ಹುಳುಮನೆಯವರೆಗೆ ನಡೆಯುತ್ತಾರೆ. ಅಲ್ಲಿ ಹುಳುಗಳು ಗೂಡು ಕಟ್ಟುವ ಚಂದ್ರಿಕೆಯ ಪಕ್ಕ ಸ್ಟೂಲಿನ ಮೇಲೆ ಕೂತು ಎಡಗೈಯಿಂದಲೇ ಗೂಡು ಬಿಡಿಸುತ್ತಾರೆ. ಕುರ್ಚಿಯನ್ನು ಸೋಪಿನ ನೀರಿನಲ್ಲಿ ತೊಳೆದು, ಬಿಸಿಲಿಗಿಟ್ಟು, ಬಿಚ್ಚಿಟ್ಟಿದ್ದ ಕಾಲುಹಲಗೆಯನ್ನು ಮರಳಿ ಜೋಡಿಸಿಕೊಂಡು ಹೋದಾಗ ಮೇಷ್ಟರು ರಿಜಿಸ್ಟರು ತೆರೆದು ನಮ್ಮ ಸಾಲಿನ ಮುಂದೆ ತಾರೀಖು ಬರೆದರು. ಠೇವಣಿಯ 500 ರೂಪಾಯಿಯನ್ನು ಇನ್ನೊಂದು ಬದಿಯ ಸಣ್ಣ ಚಕ್ರ ಹಾಕಿಸಲು ಅಲ್ಲೇ ಬಿಟ್ಟುಬಂದೆ. ಅಂಗಡಿಯಿಂದ ಕೊಂಡಿದ್ದ 18 ಇಂಚಿನ ಕುರ್ಚಿಯನ್ನೂ ಆ ವಾಕರನ್ನೂ ಅಂದೇ ಭಂಡಾರಕ್ಕೆ ಸೇರಿಸಿದೆವು. ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದ, ಎರಡೂ ಕೈಗಳಲ್ಲಿ ಬಲವಿರುವ ಚಿಂತಾಮಣಿಯ ಕಡೆಯವರೊಬ್ಬರು ವಾಕರಿಗೆ ಆಗಲೇ ಹೆಸರು ಬರೆಸಿದ್ದರು.