ಮೆಷಿನ್ ಎಣ್ಣೆ ಖಾಲಿಯಾದಾಗ ಕೈಗೆ ಸಿಕ್ಕಿದ್ದು: ನಾಲ್ಕು ತಿಂಗಳ ಹೋಲಿಕೆ

ರಾತ್ರಿ ನೀರು ಕುಡಿಯಲು ಒಬ್ಬರು ಎದ್ದರೆ ಮನೆಯವರೆಲ್ಲ ಎದ್ದು ಕೂರಬೇಕು, ಹಾಗಿತ್ತು ನಮ್ಮ ಬಾಗಿಲುಗಳ ಸದ್ದು. ಕಿರ್ರ್ ಅಂತ ಶುರುವಾಗಿ ಕುಂಯ್ ಅಂತ ನಿಲ್ಲುತ್ತಿತ್ತು. ಒಂದು ದಿನ ತಡೆಯಲಾರದೆ ಹೊಲಿಗೆ ಮೆಷಿನ್ ಎಣ್ಣೆಯ ಸೀಸೆ ಹುಡುಕಿದೆ. ಸಿಕ್ಕಿತು, ತಳದಲ್ಲಿ ನಾಲ್ಕು ಹನಿ ಇತ್ತು ಅಷ್ಟೆ.

"ಅಡುಗೆ ಎಣ್ಣೆ ಹಾಕ್ಬಿಡೋ. ಎಣ್ಣೆ ಅಂದ್ರೆ ಎಣ್ಣೆನೇ ಅಲ್ವಾ" ಅಂದರು ಅಮ್ಮ.

ಅಲ್ಲ ಅಂತ ಹೇಳಲು ನನ್ನ ಹತ್ತಿರ ಕಾರಣ ಇರಲಿಲ್ಲ. ಹಾಗಾಗಿ ಮನೆಯಲ್ಲಿ ಏನೇನು ಜಾರುತ್ತದೋ ಅದನ್ನೆಲ್ಲ ತೆಗೆದು ಹಚ್ಚಿ ನೋಡಿದೆ.

ಮೊದಲ ಪ್ರಯೋಗದಲ್ಲೇ ದಡ್ಡತನ ಮಾಡಿದೆ. ನನ್ನ ರೂಮಿನ ಬಾಗಿಲಿಗೆ ಮೂರು ಹಿಂಜ್. ಮೂರಕ್ಕೂ ಒಂದೊಂದು ಬಗೆಯ ಎಣ್ಣೆ ಬಿಟ್ಟು, ಯಾವುದು ಮೊದಲು ಕೂಗುತ್ತದೋ ನೋಡೋಣ ಅಂತ ಕಾದೆ. ಎರಡು ವಾರಕ್ಕೆ ಬಾಗಿಲು ಕೂಗಿತು. ಆದರೆ ಯಾವ ಹಿಂಜ್? ಕಿವಿ ಇಟ್ಟು ಕೇಳಿದರೂ ಗೊತ್ತಾಗಲಿಲ್ಲ. ಹಿಂಜಿನ ಸಣ್ಣ ನಡುಕವನ್ನು ಬಾಗಿಲಿನ ಹಲಗೆ ದೊಡ್ಡದು ಮಾಡಿ ಕೇಳಿಸುತ್ತದೆ, ವೀಣೆಯ ಬುರುಡೆ ತಂತಿಯ ಸದ್ದನ್ನು ದೊಡ್ಡದು ಮಾಡುವ ಹಾಗೆ. ಎಲ್ಲ ಒರೆಸಿ ಮತ್ತೆ ಶುರು ಮಾಡಿದೆ. ಈ ಸಲ ಒಂದು ಬಾಗಿಲಿಗೆ ಒಂದೇ ವಸ್ತು.

ಮೊದಲು ಅಮ್ಮನ ಅಡುಗೆ ಎಣ್ಣೆ. ಸೂರ್ಯಕಾಂತಿ ಎಣ್ಣೆ, ಬಚ್ಚಲಮನೆ ಬಾಗಿಲಿಗೆ. ಹಾಕಿದ ಕೂಡಲೇ ಸದ್ದು ಮಾಯ. ಅಮ್ಮ ನನ್ನ ಕಡೆ ನೋಡಿದ ನೋಟ ಬೇರೆ! ಮೂರು ವಾರ ಚೆನ್ನಾಗಿಯೇ ಇತ್ತು. ಆಮೇಲೆ ಬಾಗಿಲು ಸ್ವಲ್ಪ ಭಾರ ಅನ್ನಿಸತೊಡಗಿತು. ಎರಡು ತಿಂಗಳಿಗೆ ಹಿಂಜಿನ ಅಂಚಿನಲ್ಲಿ ಹಳದಿ ಬಣ್ಣದ ಅಂಟು ಕೂತಿತ್ತು. ಉಗುರಿನಲ್ಲಿ ಕೆರೆದರೆ ಒಣಗಿದ ಗೋಂದಿನ ಹಾಗೆ ಎದ್ದು ಬರುತ್ತಿತ್ತು. ಇದು ಕೊಳೆ ಅಂದುಕೊಂಡಿದ್ದೆ, ಎಣ್ಣೆಯೇ ಅದು. ಸೂರ್ಯಕಾಂತಿಯಂಥ ಎಣ್ಣೆ ಗಾಳಿಯಲ್ಲಿರುವ ಆಮ್ಲಜನಕದ ಜೊತೆ ಸೇರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಅಗಸೆ ಎಣ್ಣೆಯಲ್ಲಿ ಈ ಗುಣ ಇನ್ನೂ ಜಾಸ್ತಿ. ಅದಕ್ಕೇ ಚಿತ್ರಕಾರರು ಬಣ್ಣ ಕಲಸಲು ಅದನ್ನು ಬಳಸುತ್ತಾರೆ. ಚಿತ್ರಕ್ಕೆ ವರ, ಹಿಂಜಿಗೆ ಶಾಪ.

ತೆಂಗಿನೆಣ್ಣೆ ಹಾಗೆ ಅಂಟಾಗಲಿಲ್ಲ. ಅದರ ಕೊಬ್ಬಿನಲ್ಲಿ ನೂರಕ್ಕೆ ಸುಮಾರು 90 ಪಾಲು ಸ್ಯಾಚುರೇಟೆಡ್, ಗಾಳಿ ಅದನ್ನು ಸುಲಭಕ್ಕೆ ಮುಟ್ಟುವುದಿಲ್ಲ. ತಕರಾರು ಬೇರೆ ಕಡೆ ಇತ್ತು. ಸುಮಾರು 24 ಡಿಗ್ರಿಗಿಂತ ಕೆಳಗೆ ತೆಂಗಿನೆಣ್ಣೆ ಹೆಪ್ಪುಗಟ್ಟುತ್ತದೆ. ಚಳಿಯ ಬೆಳಗ್ಗೆ ಸ್ಟೋರ್ ರೂಮ್ ಬಾಗಿಲು ಸೋಮಾರಿಯ ಹಾಗೆ ತೆರೆದುಕೊಳ್ಳುತ್ತಿತ್ತು, ಮಧ್ಯಾಹ್ನ ಸರಿಯಾಗುತ್ತಿತ್ತು. ಸದ್ದಂತೂ ಇರಲಿಲ್ಲ. ಅರ್ಜೆಂಟಿಗೆ ಅಡುಗೆಮನೆಯಿಂದಲೇ ಏನಾದರೂ ತರಬೇಕು ಅಂದರೆ ಇದನ್ನೇ ತನ್ನಿ.

ಹರಳೆಣ್ಣೆ ಮೇಲೆ ನನಗೆ ಭಾರಿ ನಂಬಿಕೆ ಇತ್ತು. ಮೊದಲನೇ ಮಹಾಯುದ್ಧದ ಕಾಲದ ವಿಮಾನಗಳ ರೋಟರಿ ಎಂಜಿನ್‌ಗಳಿಗೇ ಸವೆಯದ ಹಾಗೆ ಇದನ್ನು ಹಾಕುತ್ತಿದ್ದರು, ನಮ್ಮ ಬಾಗಿಲು ಯಾವ ಲೆಕ್ಕ! ಆದರೆ ಅದು ಎಷ್ಟು ಮಂದ ಅಂದರೆ, ಹಿಂಜಿನ ಮೇಲೆ ಬಿಟ್ಟ ಹನಿ ಒಳಗಿಳಿಯದೆ ಅಲ್ಲೇ ಕೂತಿತು. ಒಳಗೆ ಕಿರ್ರ್ ಅಂತಲೇ ಇತ್ತು, ಹೊರಗೆ ಧೂಳು ಮೆತ್ತಿಕೊಂಡಿತ್ತು.

ತುಕ್ಕು ಬಿಡಿಸುವ ಸ್ಪ್ರೇಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಈ ಜಾತಿಯಲ್ಲಿ ಎಲ್ಲರಿಗೂ ಗೊತ್ತಿರುವ ಡಬ್ಲ್ಯೂಡಿ-40 ಹುಟ್ಟಿದ್ದು 1953ರಲ್ಲಿ, ಲೋಹದ ಮೇಲಿನ ನೀರನ್ನು ಓಡಿಸಿ ತುಕ್ಕು ತಡೆಯಲು. 40ನೇ ಪ್ರಯತ್ನದಲ್ಲಿ ಸರಿಬಂದ ನೀರು ಓಡಿಸುವ ಮಿಶ್ರಣ, ಹೆಸರಿನ ಅರ್ಥವೇ ಅದು. ನನ್ನ ಹತ್ತಿರ ಇದ್ದದ್ದು ಬೇರೆ ಯಾವುದೋ ಡಬ್ಬಿ. ಇಂಥ ಸ್ಪ್ರೇಗಳಲ್ಲಿ ಆರಿಹೋಗುವ ದ್ರಾವಕವೇ ಹೆಚ್ಚು, ಹಿಂದೆ ಉಳಿಯುವ ಎಣ್ಣೆ ತೆಳು. ಹಿತ್ತಿಲ ಬಾಗಿಲು ಒಂದು ತಿಂಗಳಿಗೆ ಮತ್ತೆ ರಾಗ ತೆಗೆಯಿತು. ಆದರೆ ಅಡುಗೆ ಎಣ್ಣೆಯ ಆ ಹಳದಿ ಅಂಟನ್ನು ಕರಗಿಸಿ ತೆಗೆದದ್ದೂ ಇದೇ ಸ್ಪ್ರೇ. ತೊಳೆಯಲು ಇದು, ಹಚ್ಚಲು ಬೇರೆ ಅಂತ ಇಟ್ಟುಕೊಂಡರೆ ಜಗಳವಿಲ್ಲ.

ಈಗ ಗೆದ್ದದ್ದರ ವಿಷಯ. ಪೆಟ್ರೋಲಿಯಂ ಜೆಲ್ಲಿ, ಒಡೆದ ತುಟಿಗೆ ಹಚ್ಚುತ್ತೇವಲ್ಲ ಅದೇ. ಇದನ್ನು ಮೇಲಿಂದ ಸವರಿದರೆ ಏನೂ ಆಗುವುದಿಲ್ಲ. ಹಿಂಜಿನ ನಡುವಿನ ಪಿನ್ ಹೊರಗೆ ತೆಗೆಯಬೇಕು. ಕೆಳಗಿನಿಂದ ಒಂದು ಉದ್ದ ಮೊಳೆ ಇಟ್ಟು ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದರೆ ಪಿನ್ ಮೇಲೆ ಬರುತ್ತದೆ. ಒಂದು ಸಲಕ್ಕೆ ಒಂದೇ ಪಿನ್ ತೆಗೆಯಿರಿ, ಇಲ್ಲದಿದ್ದರೆ ಬಾಗಿಲು ಕಾಲ ಮೇಲೆ ಬೀಳುತ್ತದೆ. ಕೆಲವು ಹಿಂಜ್‌ಗಳಲ್ಲಿ ಪಿನ್ ಕಳಚುವುದೇ ಇಲ್ಲ, ಅಂಥದ್ದಕ್ಕೆ ತೆಳು ಎಣ್ಣೆಯೇ ಗತಿ.

ನನ್ನ ರೂಮಿನ ಪಿನ್ ಹೊರಗೆ ಬಂದಾಗ ಅದರ ಮೇಲೆ ಕಾಡಿಗೆಯಂಥ ಕಪ್ಪು ಪೇಸ್ಟ್ ಇತ್ತು. ಸವೆದ ಲೋಹದ ಪುಡಿ, ಧೂಳು, ಹಳೇ ಎಣ್ಣೆ, ಮೂರೂ ಕಲಸಿದ್ದು. ಒರೆಸಿದ ಮೇಲೆ ಬೆಳಕಿಗೆ ಹಿಡಿದು ನೋಡಿದೆ. ಒಂದೇ ಕಡೆ ಕನ್ನಡಿಯ ಹಾಗೆ ಉಜ್ಜಿಹೋಗಿತ್ತು, ಬಾಗಿಲಿನ ಭಾರವೆಲ್ಲ ಅಲ್ಲಿ ಕೂರುತ್ತಿತ್ತು. ಸದ್ದು ಹುಟ್ಟುತ್ತಿದ್ದದ್ದೂ ಅಲ್ಲೇ. ಲೋಹ ಲೋಹಕ್ಕೆ ಅಂಟಿ, ಜಾರಿ, ಮತ್ತೆ ಅಂಟಿ, ಮತ್ತೆ ಜಾರಿ. ಸೆಕೆಂಡಿಗೆ ನೂರಾರು ಸಲ ಹೀಗಾದರೆ ನಮಗೆ ಕೇಳುವುದು ಕಿರ್ರ್. ಪಿನ್ನಿಗೆ ತೆಳ್ಳಗೆ ಜೆಲ್ಲಿ ಸವರಿ ಹಾಕಿದೆ. ಮೂರು ತಿಂಗಳಾಯಿತು, ಚಕಾರ ಇಲ್ಲ. ಆರುವುದಿಲ್ಲ, ಹರಿಯುವುದಿಲ್ಲ, ಗೋಡೆಗೆ ಕಪ್ಪು ಗೆರೆ ಬಿಡುವುದಿಲ್ಲ. ಉಳಿದಿದ್ದ ನಾಲ್ಕು ಹನಿ ಮೆಷಿನ್ ಎಣ್ಣೆ ಹಾಕಿದ್ದ ತಂಗಿಯ ರೂಮಿನ ಬಾಗಿಲಲ್ಲಿ ಆ ಗೆರೆ ಬಿದ್ದಿದೆ. ಅಂದರೆ ಬದಲಿಯೇ ಅಸಲಿಗಿಂತ ಒಂದು ಕೈ ಮೇಲಾಯಿತು. ಪಿನ್ ತೆಗೆದು ಒರೆಸಿದ್ದಕ್ಕೂ ಅದರಲ್ಲಿ ಪಾಲಿದೆ ಅನ್ನಿ, ಉಳಿದ ಯಾವ ಬಾಗಿಲಿಗೂ ಆ ಸೇವೆ ಮಾಡಿರಲಿಲ್ಲ. ಒಂದು ಎಚ್ಚರಿಕೆ: ರಬ್ಬರ್ ಇರುವ ಕಡೆ ಜೆಲ್ಲಿ ಬೇಡ. ನೈಸರ್ಗಿಕ ರಬ್ಬರ್ ಅದನ್ನು ಹೀರಿ ಉಬ್ಬಿ ಮೆತ್ತಗಾಗುತ್ತದೆ.

ಬೀಗಕ್ಕೆ ಬಂದರೆ ಕಥೆ ಪೂರ್ತಿ ತಿರುಗುತ್ತದೆ. ಹಿಂಜಿನಲ್ಲಿ ಗೆದ್ದ ಖುಷಿಗೆ ಹಳೇ ಬೀಗವೊಂದಕ್ಕೂ ಜೆಲ್ಲಿ ತುಂಬಿದೆ. ವಾರದೊಳಗೆ ಕೀಲಿ ಅರ್ಧಕ್ಕೇ ನಿಂತಿತು. ಬೀಗದ ಒಳಗಿನ ಪುಟ್ಟ ಪಿನ್‌ಗಳು ಸಣ್ಣ ಸ್ಪ್ರಿಂಗಿನ ಬಲದಲ್ಲಿ ಏರಿಳಿಯಬೇಕು. ಜೆಲ್ಲಿಯಂಥ ಮಂದ ವಸ್ತು ಸಿಕ್ಕಿದರೆ ಅವು ಅಲ್ಲೇ ಮುಳುಗಿ ಕೂರುತ್ತವೆ, ಜೊತೆಗೆ ಧೂಳು. ಇನ್ನೊಂದು ಬೀಗಕ್ಕೆ ಪೆನ್ಸಿಲ್ ಹಾಕಿದೆ. ಕೀಲಿಯ ಹಲ್ಲಿನ ಮೇಲೆಲ್ಲ ಪೆನ್ಸಿಲ್ ಗೀಚಿ, ಹಾಕಿ ತೆಗೆದು, ಮತ್ತೆ ಗೀಚಿ, ಹೀಗೆ ಐದಾರು ಸಲ. ಗ್ರಾಫೈಟ್ ಪದರ ಪದರವಾಗಿರುತ್ತದೆ, ಒಂದರ ಮೇಲೊಂದು ಜಾರುತ್ತದೆ, ಒಣಗಿಯೇ ಇರುತ್ತದೆ. ಮೊದಲು ಎಚ್‌ಬಿ ಪೆನ್ಸಿಲ್ ಹಿಡಿದಿದ್ದೆ, ಕೀಲಿಗೆ ಅಂಟಲೇ ಇಲ್ಲ. ಅದರಲ್ಲಿ ಜೇಡಿ ಪಾಲು ಜಾಸ್ತಿ. ಚಿತ್ರ ಬರೆಯುವ 6ಬಿ ತಂದ ಮೇಲೆ ಕೀಲಿ ಸರಾಗವಾಗಿ ತಿರುಗಿತು. ಬೆರಳು, ಜೇಬು ಎರಡೂ ಕಪ್ಪಾದವು, ಅದೊಂದು ದಂಡ.

ಮರದ ಡ್ರಾಯರ್‌ಗೆ ಸೋಪು ಉಜ್ಜಿ ಅನ್ನುವವರಿದ್ದಾರೆ. ಉಜ್ಜಿದೆ. ಮಳೆ ಶುರುವಾದ ಮೇಲೆ ಸೋಪು ತೇವ ಹೀರಿ ಲೊಳಲೊಳ ಆಯಿತು, ಡ್ರಾಯರ್ ಇನ್ನಷ್ಟು ಬಿಗಿಯಾಯಿತು. ಪಕ್ಕದ ಡ್ರಾಯರ್‌ಗೆ ಮೇಣದಬತ್ತಿ ಉಜ್ಜಿದ್ದೆ. ಅದು ಈಗಲೂ ಒಂದು ಬೆರಳಲ್ಲಿ ಎಳೆದರೆ ಬರುತ್ತದೆ. ಜಿಪ್‌ಗೂ ಮೇಣದಬತ್ತಿಯೇ ಸರಿ. ಪೆನ್ಸಿಲ್ ಕೂಡ ಕೆಲಸ ಮಾಡುತ್ತದೆ, ಬಿಳಿ ಬಟ್ಟೆಗೆ ಮಾತ್ರ ಬೇಡ. ತಂಗಿಯ ಬ್ಯಾಗಿನ ಮೇಲೆ ಸಾಕ್ಷಿ ಇದೆ.

ಹೊಸ ಎಣ್ಣೆ ಸೀಸೆ ಇನ್ನೂ ತಂದಿಲ್ಲ. ಜೆಲ್ಲಿ ಡಬ್ಬಿ ಈಗ ಸುತ್ತಿಗೆಯ ಪಕ್ಕ ಇರುತ್ತದೆ, ಚಳಿಗಾಲದಲ್ಲಿ ಎಲ್ಲರೂ ಅಲ್ಲಿಗೇ ಹುಡುಕಿಕೊಂಡು ಬರುತ್ತಾರೆ. ಉಳಿದಿರುವುದು ಬೀದಿ ಬಾಗಿಲು ಒಂದೇ. ಮೊನ್ನೆ ಮೊಳೆ, ಸುತ್ತಿಗೆ ಹಿಡಿದು ಹೊರಟಿದ್ದೆ, ಅಮ್ಮ ತಡೆದರು. "ಅದೊಂದನ್ನ ಬಿಡಪ್ಪ. ನೀನು ಎಷ್ಟು ಹೊತ್ತಿಗೆ ಬಂದೆ ಅಂತ ನನಗೆ ಗೊತ್ತಾಗೋದೇ ಅದರಿಂದ" ಅಂದರು.