ಮೊದಲೇ ಉಪ್ಪು ತುಂಬಿದ ಟರ್ಕಿ ಕೋಳಿಯನ್ನು ಮತ್ತೆ ಉಪ್ಪುನೀರಿಗೆ ಹಾಕಬೇಡಿ

ಅಮೆರಿಕದಲ್ಲಿ ನೆಲೆಸಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮೊದಲ ಸಲ ಮನೆಯಲ್ಲಿಯೇ ಟರ್ಕಿ ಕೋಳಿ ಬೇಯಿಸಲು ಹೊರಟಿರುವವರು, ಅದರಲ್ಲಿಯೂ ಹಿಂದಿನ ದಿನವೇ ಅದನ್ನು ಉಪ್ಪುನೀರಿನಲ್ಲಿ ನೆನೆಹಾಕಿದರೆ ಮಾಂಸ ಮೆದುವಾಗುತ್ತದೆ ಎಂದು ಯಾರಿಂದಲೋ ಕೇಳಿದವರು, ಕೋಳಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಕತ್ತರಿಸಿ ಎಸೆಯುವ ಮೊದಲು ಅದರ ಮೇಲಿರುವ ಸಣ್ಣ ಅಕ್ಷರಗಳನ್ನು ದಯವಿಟ್ಟು ಓದಿಕೊಳ್ಳಿ. ನಾನು ಓದಲಿಲ್ಲ. ಕಳೆದ ನವೆಂಬರಿನ ನಾಲ್ಕನೆಯ ಗುರುವಾರ ನಾರ್ತ್ ಕೆರೊಲಿನಾದ ನಮ್ಮ ಮನೆಯಲ್ಲಿ ಹನ್ನೊಂದು ಜನ ಊಟಕ್ಕೆ ಕುಳಿತಿದ್ದರು. 14 ಪೌಂಡ್ ತೂಕದ ಆ ಕೋಳಿಯಲ್ಲಿ ಒಂದು ತುಂಡಿಗಿಂತ ಹೆಚ್ಚು ತಿಂದವರು ಯಾರೂ ಇರಲಿಲ್ಲ.

ಊರಿನಿಂದ ಅಮ್ಮ ಬಂದಿದ್ದರು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಹಬ್ಬ ಮುಗಿದ ಮಾರನೆಯ ದಿನ ಕಡುಬು ಮತ್ತು ಕೋಳಿಸಾರು ಆಗಲೇಬೇಕು; ಆ ಕೈಯ ಅಡುಗೆ ಉಂಡು ಬೆಳೆದ ನನಗೆ, ಈ ದೇಶದ ಹಬ್ಬದೂಟವನ್ನು ಅಮ್ಮನಿಗೆ ನಾನೇ ಮಾಡಿ ಬಡಿಸಬೇಕೆಂಬ ಹಟವಿತ್ತು. ವರ್ಜೀನಿಯಾದಿಂದ ಭಾವನ ಮನೆಯವರು ಬರುವವರಿದ್ದರು, ಪಕ್ಕದ ಮನೆಯ ಹಿರಿಯ ದಂಪತಿಯನ್ನೂ ಕರೆದಿದ್ದೆವು. ಟರ್ಕಿಯ ಎದೆಯ ಮಾಂಸದಲ್ಲಿ ಕೊಬ್ಬು ಕಡಿಮೆ, ಒಲೆಯಲ್ಲಿ ತುಸು ಹೆಚ್ಚು ಹೊತ್ತು ಇದ್ದರೂ ಒಣಗಿ ನಾರಾಗುತ್ತದೆ ಎಂದು ಎಲ್ಲರೂ ಹೆದರಿಸಿದ್ದರಿಂದ, ಉಪ್ಪುನೀರಿನ ದಾರಿಯನ್ನು ಹಿಡಿದೆ. ದಾರಿ ತಪ್ಪಲ್ಲ. ಹದವಾದ ಉಪ್ಪು ಮಾಂಸದೊಳಗೆ ಇಳಿದಾಗ ಅಲ್ಲಿನ ಪ್ರೋಟೀನು ಸಡಿಲಗೊಂಡು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೆಂದ ಮೇಲೂ ಮಾಂಸ ರಸವತ್ತಾಗಿ ಉಳಿಯುತ್ತದೆ. ಆದರೆ ಆ ಹದವನ್ನು ನಾನು ಒಂದಲ್ಲ, ಎರಡು ಕಡೆ ಮೀರಿದೆ.

ಮೊದಲನೆಯದು ಕೋಳಿಯದೇ. ಇಲ್ಲಿನ ಅಂಗಡಿಗಳಲ್ಲಿ ಹಬ್ಬದ ಮುಂಚೆ ಅಗ್ಗವಾಗಿ ಸಿಗುವ ಹೆಪ್ಪುಗಟ್ಟಿದ ಟರ್ಕಿಗಳಲ್ಲಿ ಬಹಳಷ್ಟಕ್ಕೆ ಕಾರ್ಖಾನೆಯಲ್ಲಿಯೇ ಸೂಜಿಗಳ ಮೂಲಕ ಉಪ್ಪುನೀರನ್ನು ಚುಚ್ಚಿ ತುಂಬಿರುತ್ತಾರೆ. ಹೊದಿಕೆಯ ಒಂದು ಮೂಲೆಯಲ್ಲಿ, ಕೋಳಿಯ ಹೆಸರಿಗಿಂತ ಸಣ್ಣ ಅಕ್ಷರಗಳಲ್ಲಿ, ಇಂತಿಷ್ಟು ಶೇಕಡಾ ಸೊಲ್ಯೂಷನ್ ಸೇರಿದೆ ಎಂದು ಬರೆದಿರುತ್ತದೆ. ನಮ್ಮದರ ಮೇಲೆ ಶೇ. 8ರವರೆಗೆ ಎಂದಿತ್ತು, ಅದನ್ನು ನಾನು ಕಂಡದ್ದು ಊಟವಾದ ಮೇಲೆ, ಗ್ಯಾರೇಜಿನ ಕಸದ ಡಬ್ಬಿಯಿಂದ ಹೊದಿಕೆಯನ್ನು ಹೊರತೆಗೆದು ಮೊಬೈಲಿನ ಬೆಳಕು ಹಿಡಿದಾಗ. ‘ಬೇಸ್ಟೆಡ್’, ‘ಸೆಲ್ಫ್ ಬೇಸ್ಟಿಂಗ್’, ‘ಎನ್‌ಹ್ಯಾನ್ಸ್ಡ್’ ಎಂಬ ಯಾವ ಪದವಿದ್ದರೂ ಅರ್ಥ ಹೆಚ್ಚುಕಡಿಮೆ ಅದೇ. ಯಹೂದಿ ಕ್ರಮದಲ್ಲಿ ಸಿದ್ಧಪಡಿಸಿದ ಕೋಷರ್ ಟರ್ಕಿಗೂ ಮೊದಲೇ ಉಪ್ಪು ಹಚ್ಚಿ ತೊಳೆದಿರುತ್ತಾರೆ. ದೊಡ್ಡದಾಗಿ ‘ನ್ಯಾಚುರಲ್’ ಎಂದು ಬರೆದಿದೆಯೆಂದು ನಂಬಿ ಸುಮ್ಮನಾಗದೆ, ಒಳಗೆ ಏನೇನಿದೆ ಎಂಬ ಪಟ್ಟಿಯಲ್ಲಿ ಟರ್ಕಿಯ ಜೊತೆಗೆ ಉಪ್ಪಿನ ಹೆಸರೂ ಇದೆಯೇ ಎಂದು ನೋಡಿ. ಇದ್ದರೆ ಅದನ್ನು ನೆನೆಹಾಕುವ ಅಗತ್ಯವೇ ಇಲ್ಲ, ಹಾಗೆಯೇ ಬೇಯಿಸಬಹುದು.

ಎರಡನೆಯ ತಪ್ಪು ಅಳತೆಯದು. ನಾನು ಅನುಸರಿಸಿದ ವಿಧಾನದಲ್ಲಿ ಎರಡು ಗ್ಯಾಲನ್, ಅಂದರೆ ಸುಮಾರು ಏಳೂವರೆ ಲೀಟರ್ ನೀರಿಗೆ ಎರಡು ಕಪ್ ಕೋಷರ್ ಉಪ್ಪು, ಅಂದರೆ ಇಲ್ಲಿ ಸಿಗುವ ದಪ್ಪ ಹರಳಿನ ಉಪ್ಪು, ಎಂದಿತ್ತು. ಮನೆಯಲ್ಲಿ ಆ ಉಪ್ಪು ಇರಲಿಲ್ಲ. ಯಾವ ಉಪ್ಪಾದರೇನು, ಎಲ್ಲವೂ ಉಪ್ಪೇ ತಾನೆ ಎಂದುಕೊಂಡು ದಿನಬಳಕೆಯ ಪುಡಿ ಉಪ್ಪನ್ನೇ ಎರಡು ಕಪ್ ಅಳೆದು ಸುರಿದೆ. ರುಚಿಯಲ್ಲಿ ಎಲ್ಲವೂ ಉಪ್ಪೇ ನಿಜ, ಆದರೆ ಕಪ್ಪಿನೊಳಗೆ ಎಲ್ಲವೂ ಒಂದೇ ಅಲ್ಲ. ಹಗುರವಾದ ಹರಳಿನ ಕೋಷರ್ ಉಪ್ಪು ಒಂದು ಕಪ್ಪಿಗೆ ಸುಮಾರು 140 ಗ್ರಾಂ ತೂಗಿದರೆ, ಒತ್ತೊತ್ತಾಗಿ ಕೂರುವ ಪುಡಿ ಉಪ್ಪು ಸುಮಾರು 290 ಗ್ರಾಂ ತೂಗುತ್ತದೆ. ಹೀಗೆ ನನಗೆ ತಿಳಿಯದೆಯೇ ಉಪ್ಪು ಇಮ್ಮಡಿಯಾಗಿತ್ತು. ಕೋಷರ್ ಉಪ್ಪಿನಲ್ಲಿಯೂ ಇನ್ನೊಂದು ಬಗೆಯ ಗಟ್ಟಿ ಹರಳು ಕಪ್ಪಿಗೆ 240 ಗ್ರಾಂ ಆಸುಪಾಸಿನಲ್ಲಿರುತ್ತದೆ. ಉಪ್ಪನ್ನು ಕಪ್ಪಿನಲ್ಲಿ ಹೇಳುವ ಈ ದೇಶದ ಪದ್ಧತಿಯ ಬಗ್ಗೆ ನನಗೆ ಈಗಲೂ ಸಿಟ್ಟಿದೆ. ಅಡುಗೆಮನೆಯಲ್ಲಿ ಗ್ರಾಂ ತೋರಿಸುವ ಪುಟ್ಟ ತಕ್ಕಡಿಯೊಂದಿದ್ದರೆ ಈ ಬರಹವೇ ಬೇಕಿರಲಿಲ್ಲ.

ಇವೆರಡರ ಮೇಲೆ ಅವಸರವೂ ಸೇರಿತು. ಹೆಪ್ಪುಗಟ್ಟಿದ ಟರ್ಕಿ ಫ್ರಿಜ್ಜಿನಲ್ಲಿ ಕರಗಲು ಪ್ರತಿ ನಾಲ್ಕೈದು ಪೌಂಡಿಗೆ ಒಂದು ಪೂರ್ತಿ ದಿನ ಬೇಕು, ಎಂದರೆ ನಮ್ಮ ಕೋಳಿಗೆ ಕನಿಷ್ಠ ಮೂರರಿಂದ ನಾಲ್ಕು ದಿನ. ನಾನು ಭಾನುವಾರ ರಾತ್ರಿ ಒಳಗಿಟ್ಟು ಮಂಗಳವಾರ ರಾತ್ರಿ ಹೊರತೆಗೆದೆ. ಹೊಟ್ಟೆಯೊಳಗೆ ಕೈ ಹಾಕಿದರೆ, ಕತ್ತು ಮತ್ತು ಈಲಿಯನ್ನು ತುಂಬಿಟ್ಟಿದ್ದ ಕಾಗದದ ಪೊಟ್ಟಣ ಮಂಜಿನ ಗೋಡೆಗೆ ಅಂಟಿಕೊಂಡು ಕುಳಿತಿತ್ತು, ಬೆರಳು ಮರಗಟ್ಟಿದರೂ ಅದು ಬರಲಿಲ್ಲ. ಉಪ್ಪುನೀರಿನಲ್ಲಿಯೇ ಕರಗಲಿ ಎಂದು ಹಾಗೆಯೇ ಮುಳುಗಿಸಿದೆ. ಪಾತ್ರೆ ಫ್ರಿಜ್ಜಿಗೆ ಹಿಡಿಸದ್ದರಿಂದ ಒಂದಷ್ಟು ಮಂಜುಗಡ್ಡೆ ಸುರಿದು ಗ್ಯಾರೇಜಿನಲ್ಲಿಟ್ಟೆ. ಹನ್ನೆರಡು ಗಂಟೆ ಸಾಕೆಂದಿದ್ದ ಕಡೆ, ಹೆಚ್ಚು ನೆನೆದಷ್ಟೂ ಒಳ್ಳೆಯದೆಂಬ ನನ್ನದೇ ಲೆಕ್ಕದಲ್ಲಿ ಗುರುವಾರ ಬೆಳಗಿನವರೆಗೆ ಬಿಟ್ಟೆ. ಇದರಲ್ಲಿ ನನ್ನನ್ನು ಇಂದಿಗೂ ಅಳುಕಿಸುವುದು ಉಪ್ಪಲ್ಲ, ಆ ಗ್ಯಾರೇಜು. ಹಸಿ ಕೋಳಿಯ ಸುತ್ತಲಿನ ನೀರು 40 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 4 ಡಿಗ್ರಿ ಸೆಲ್ಸಿಯಸ್ ಮೀರಬಾರದು. ಮೀರಿದರೆ ಸಾಲ್ಮೊನೆಲ್ಲಾದಂತಹ ಬ್ಯಾಕ್ಟೀರಿಯಾ ಬೇಗ ಬೇಗ ಹೆಚ್ಚುತ್ತವೆ. ನಮ್ಮ ಕಡೆ ನವೆಂಬರಿನ ಮಧ್ಯಾಹ್ನ ಸ್ವೆಟರ್ ಕೂಡ ಬೇಕಾಗುವುದಿಲ್ಲ. ನಾನು ಒಮ್ಮೆಯೂ ಥರ್ಮಾಮೀಟರ್ ಇಳಿಸಿ ನೋಡಲಿಲ್ಲ. ಯಾರ ಹೊಟ್ಟೆಯೂ ಕೆಡಲಿಲ್ಲವೆಂಬುದು ನನ್ನ ಅದೃಷ್ಟ. ಅದನ್ನು ನೆಚ್ಚಿ ನೀವು ಗ್ಯಾರೇಜಿಗೆ ಹೋಗಬೇಡಿ.

ಬೆಳಿಗ್ಗೆ ಇನ್ನೊಂದು ಎಡವಟ್ಟು. ಊರಿನ ಅಭ್ಯಾಸದಂತೆ ಕೋಳಿಯನ್ನು ಸಿಂಕಿನಲ್ಲಿಟ್ಟು ನಲ್ಲಿ ತಿರುಗಿಸಿ ಚೆನ್ನಾಗಿ ತೊಳೆದೆ. ಅಷ್ಟು ದೊಡ್ಡ ಹಕ್ಕಿಯ ಮೇಲೆ ಬಿದ್ದ ನೀರು ಕಟ್ಟೆಗೆಲ್ಲ ಸಿಡಿದು, ಪಕ್ಕದಲ್ಲಿ ಹೆಚ್ಚಿಟ್ಟಿದ್ದ ಸಲಾಡಿನ ಸೊಪ್ಪಿನ ಮೇಲೂ ಹನಿಯಿತು. ಹಸಿ ಕೋಳಿಯನ್ನು ತೊಳೆಯಬಾರದೆಂದು ಇಲ್ಲಿನ ಕೃಷಿ ಇಲಾಖೆ ಹೇಳುವುದು ಇದೇ ಕಾರಣಕ್ಕೆ. ಸೊಪ್ಪನ್ನೆಲ್ಲ ಕಸಕ್ಕೆ ಹಾಕಿದೆವು.

ಒಲೆಯಿಂದ ಹೊರಬಂದಾಗ ಮಾತ್ರ ಕೋಳಿ ಹೊಂಬಣ್ಣಕ್ಕೆ ತಿರುಗಿ ಎಲ್ಲರ ಬಾಯಲ್ಲಿ ನೀರೂರಿಸಿತು. ಥರ್ಮಾಮೀಟರ್ 165 ಡಿಗ್ರಿ ಫ್ಯಾರನ್‌ಹೀಟ್ ತೋರಿಸುವವರೆಗೆ ಕಾದಿದ್ದೆ. ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ ಇರಬೇಕು. ಎದೆಗೆ ಚಾಕು ಹಾಕಿದಾಗ ಹೊರಗಿನ ಎರಡು ಬೆರಳು ದಪ್ಪದ ಮಾಂಸ ತಿಳಿಗುಲಾಬಿಯಾಗಿ, ರಬ್ಬರಿನಂತೆ ಪುಟಿಯುತ್ತಾ, ಅಂಗಡಿಯ ಹ್ಯಾಮ್ ಎಂಬ ಉಪ್ಪೂಡಿದ ಹಂದಿಮಾಂಸದ ಹಾಗಿತ್ತು. ಮಂಜು ಕರಗದೆ ಉಪ್ಪು ಸರಿಯಾಗಿ ಇಳಿಯದ ಎಲುಬಿನ ಹತ್ತಿರದ ಭಾಗ ಬೆಳ್ಳಗೆ, ಎಳೆ ಎಳೆಯಾಗಿತ್ತು. ಒಂದೇ ತುಂಡಿನಲ್ಲಿ ಎರಡು ಕೋಳಿ. ನೀರಿಗೆ ಹಾಕಿದ್ದ ಚಕ್ಕೆ, ಮೆಣಸು, ಶುಂಠಿ, ಬೆಳ್ಳುಳ್ಳಿಯ ಸುಳಿವು ಎಲ್ಲಿಯೂ ಇರಲಿಲ್ಲ, ಏಕೆಂದರೆ ಒಳಕ್ಕೆ ಇಳಿಯುವುದು ಮುಖ್ಯವಾಗಿ ಉಪ್ಪು, ಮಸಾಲೆ ಬಹುಪಾಲು ಮೇಲ್ಮೈಯಲ್ಲಿಯೇ ಉಳಿಯುತ್ತದೆ. ತಟ್ಟೆಯಡಿ ಸೋರಿದ ರಸವನ್ನು ಕುದಿಸಿ ಬತ್ತಿಸಿ ಮಾಡಿದ ಗ್ರೇವಿಯನ್ನು ನಾಲಿಗೆಗೆ ಇಡಲಾಗಲಿಲ್ಲ. ಆಲೂಗೆಡ್ಡೆ ಹಾಕಿದರೆ ಉಪ್ಪನ್ನು ಹೀರುತ್ತದೆ ಎಂಬ ಮಾತನ್ನು ನಂಬಿ ಮೂರು ಆಲೂಗೆಡ್ಡೆಯನ್ನೂ ಹಾಳುಮಾಡಿದೆ. ಪಕ್ಕದ ಮನೆಯ ಅಜ್ಜಿ ಮರ್ಯಾದೆಗೆ ನಕ್ಕು ಮೂರನೆಯ ಲೋಟ ನೀರಿಗೆ ಕೈ ಚಾಚಿದರು. ಅಮ್ಮ ಒಂದು ತುತ್ತು ಬಾಯಿಗಿಟ್ಟು, “ಉಪ್ಪು ಸೊಳೆನ ನೀರಲ್ಲಿ ನೆನೆಸ್ದೆ ಪಲ್ಯ ಮಾಡ್ದಂಗಾಯ್ತಲ್ಲೇ ಮಾರಾಯ್ತಿ” ಎಂದರು. ರಕ್ತದೊತ್ತಡದ ಮಾತ್ರೆ ನುಂಗುವ ಅವರ ಮುಂದಿನಿಂದ ನಾನೇ ತಟ್ಟೆಯನ್ನು ಎತ್ತಿದೆ.

ಕೋಳಿ ಹೀಗಾದ ಮೇಲೆ ಏನು ಮಾಡಬಹುದೆಂಬುದಕ್ಕೂ ದಾರಿ ತೋರಿದ್ದು ಅಮ್ಮನ ಆ ಮಾತೇ. ಮಳೆಗಾಲಕ್ಕೆಂದು ಉಪ್ಪಿನಲ್ಲಿಟ್ಟ ಹಲಸಿನ ಸೊಳೆಯನ್ನು ಅಡುಗೆಗೆ ಮೊದಲು ಸಿಹಿನೀರಿನಲ್ಲಿ ನೆನೆಸಿ ಹಿಂಡುವಂತೆ, ಶುಕ್ರವಾರ ಅವರು ಮಾಂಸವನ್ನು ಬೆರಳಿನಿಂದ ಸಣ್ಣಗೆ ಎಳೆ ಬಿಡಿಸಿ, ಬಿಸಿನೀರಿನಲ್ಲಿ ಎರಡು ಸಲ ಕುದಿಸಿ ನೀರು ಬಸಿದು, ಒಂದು ಹರಳು ಉಪ್ಪನ್ನೂ ಹಾಕದ ತೆಂಗಿನಕಾಯಿ ಮಸಾಲೆಗೆ ಸೇರಿಸಿದರು. ಜೊತೆಗೆ ಸಪ್ಪೆ ಕಡುಬು. ಎಲುಬನ್ನು ಬೇಯಿಸಿ ಸೂಪು ಮಾಡುವ ಆಸೆಯನ್ನು ಮಾತ್ರ ಬಿಡಬೇಕಾಯಿತು, ಆ ನೀರು ಕುದಿದಷ್ಟೂ ಉಪ್ಪಾಗುತ್ತಿತ್ತು. ಈ ವರ್ಷ ಸೊಲ್ಯೂಷನ್ ಸೇರದ ಕೋಳಿಯನ್ನು ಹುಡುಕಿ ತಂದು, ಪೂರ್ತಿ ಕರಗಿದ ಮೇಲೆ ಐದು ಪೌಂಡಿಗೆ ಒಂದು ದೊಡ್ಡ ಚಮಚದ ಲೆಕ್ಕದಲ್ಲಿ ಹಗುರ ಹರಳಿನ ಉಪ್ಪನ್ನು ಒಣದಾಗಿ ಸವರಿ, ಮುಚ್ಚದೆ ಫ್ರಿಜ್ಜಿನಲ್ಲಿಯೇ ಒಂದೂವರೆ ದಿನ ಇಡಬೇಕೆಂದಿದ್ದೇನೆ. ಅದಕ್ಕೆ ಬಕೆಟ್ಟೂ ಬೇಡ, ಗ್ಯಾರೇಜೂ ಬೇಡ.