ಒಂದೇ ಪ್ರಾಸೆಸರ್, ಎರಡು ಬೋರ್ಡ್: ಟೆಂಪರೇಚರ್ ವಿಷಯದಲ್ಲಿ ನಾನು ನಂಬೋದು ಎರಡನೇದನ್ನ

ಮೊದಲೇ ಹೇಳಿಬಿಡ್ತೀನಿ, ಓವರ್‌ಕ್ಲಾಕ್ ಮಾಡೋ, ಅಂದ್ರೆ ಪ್ರಾಸೆಸರನ್ನ ಕಂಪನಿ ಇಟ್ಟ ವೇಗಕ್ಕಿಂತ ಜೋರಾಗಿ ಓಡಿಸೋ ಯೋಚನೆ ಇದ್ರೆ, ನಾನು ಬಳಸಿದ ಎರಡು ಮದರ್‌ಬೋರ್ಡಲ್ಲಿ ನನ್ನ ಓಟು ಎರಡನೇದಕ್ಕೆ. ನೋಡೋಕೆ ಮೊದಲನೇದೇ ಚೆಂದ, ವಿಆರ್‌ಎಂ (ಪ್ರಾಸೆಸರ್‌ಗೆ ವೋಲ್ಟೇಜ್ ಕೊಡೋ ಭಾಗ) ಮೇಲೆ ದಪ್ಪ ಹೀಟ್‌ಸಿಂಕ್ ಇದೆ, ಎರರ್ ಕೋಡ್ ತೋರಿಸೋ ಪುಟ್ಟ ಡಿಸ್‌ಪ್ಲೇ ಇದೆ, ರೇಟೂ ಜಾಸ್ತಿ. ಆದ್ರೂ ಎರಡು ತಿಂಗಳು ಬಳಸಿ ಬಿಚ್ಚಿಟ್ಟೆ, ಯಾಕಂದ್ರೆ ಅದು ಪ್ರಾಸೆಸರ್ ಟೆಂಪರೇಚರ್ ಅಂತ ತೋರಿಸ್ತಿದ್ದ ನಂಬರು ಪ್ರಾಸೆಸರ್‌ದೇ ಅಲ್ಲ.

ಎರಡರಲ್ಲೂ ಹಾಕಿದ್ದು ಎಎಂಡಿ ಕಂಪನಿಯ ಅದೇ ರೈಜನ್ 7 2700ಎಕ್ಸ್ ಪ್ರಾಸೆಸರ್, ಅದೇ ಏರ್ ಕೂಲರ್, ಅದೇ ಪೇಸ್ಟು, ಅದೇ ಕ್ಯಾಬಿನೆಟ್ಟು. ಗುರಿ ಎಲ್ಲಾ ಕೋರಿಗೂ 4.1 ಗಿಗಾಹರ್ಟ್ಸ್, 1.3 ವೋಲ್ಟ್ ಆಸುಪಾಸು.

ಮೊದಲನೇ ಬೋರ್ಡಲ್ಲಿ ಆಗಿದ್ದೇನಂದ್ರೆ, ಪ್ರೈಮ್95 (ಪ್ರಾಸೆಸರ್‌ಗೆ ಪೂರ್ತಿ ಲೋಡ್ ಕೊಟ್ಟು ಪರೀಕ್ಷೆ ಮಾಡೋ ಸಾಫ್ಟ್‌ವೇರ್) ಹಾಕಿದ್ರೆ ಇಪ್ಪತ್ತು ನಿಮಿಷಕ್ಕೆಲ್ಲ ಅದರ ಒಂದು ವರ್ಕರ್, ಅಂದ್ರೆ ಲೆಕ್ಕ ಮಾಡೋ ಒಂದು ಭಾಗ, ಎರರ್ ಕೊಟ್ಟು ನಿಂತುಬಿಡ್ತಿತ್ತು. ಬೋರ್ಡ್ ಜೊತೆ ಬಂದ ಸಾಫ್ಟ್‌ವೇರಲ್ಲಿ ನೋಡಿದ್ರೆ ಸಿಪಿಯು 61 ಡಿಗ್ರಿ. ಈ ಚಿಪ್ಪಿಗೆ ಎಎಂಡಿ ಹೇಳಿರೋ ಮಿತಿ 85, ಅಂದ್ಮೇಲೆ ಬಿಸಿ ಕಾರಣ ಅಲ್ಲ, ವೋಲ್ಟೇಜ್ ಸಾಲ್ತಿಲ್ಲ ಅಂದ್ಕೊಂಡು 1.35ಕ್ಕೆ ಏರಿಸಿದೆ, ಎರರ್ ಇನ್ನೂ ಬೇಗ ಬಂತು. ವೋಲ್ಟೇಜ್ ಕೊಟ್ಟಷ್ಟೂ ಬೇಗ ಬೀಳ್ತಿದೆ ಅಂದ್ರೆ ಅದು ಬಿಸಿಯ ಲಕ್ಷಣ, ಆದ್ರೆ ಕಣ್ಣೆದುರು 61 ಅಂತ ಇರುವಾಗ ಆ ಕಡೆ ಯೋಚನೆನೇ ಹೋಗಲಿಲ್ಲ. ಚಿಪ್ಪೇ ವೀಕು ಅಂತ ತೀರ್ಮಾನ ಮಾಡಿ 4.0ಗೆ ಇಳಿಸಿ ಸುಮ್ನಾಗಿದ್ದೆ.

ಆಮೇಲೊಂದು ದಿನ ಸೈಡ್ ಪ್ಯಾನೆಲ್ ತೆಗೆದು ಟೆಸ್ಟ್ ಓಡ್ತಿರುವಾಗ ಕೂಲರ್‌ನ ಹೀಟ್‌ಪೈಪ್ ಬುಡಕ್ಕೆ ಬೆರಳು ಮುಟ್ಟಿಸಿದೆ, ಒಂದು ಸೆಕೆಂಡೂ ಇಡೋಕಾಗಲಿಲ್ಲ, ಅಷ್ಟು ಸುಡ್ತಿತ್ತು, ಫ್ಯಾನ್ ಮಾತ್ರ 900 ಆರ್‌ಪಿಎಂನಲ್ಲಿ ನಿಧಾನಕ್ಕೆ ತಿರುಗ್ತಾ ಇದೆ. ಆಗ ಎಲ್ಲಾ ಸೆನ್ಸಾರ್ ನಂಬರೂ ತೋರಿಸೋ ಎಚ್‌ಡಬ್ಲ್ಯೂಇನ್ಫೋ ಅನ್ನೋ ಸಾಫ್ಟ್‌ವೇರ್ ಹಾಕಿ ನೋಡಿದ್ರೆ ಒಂದೇ ಪ್ರಾಸೆಸರ್‌ಗೆ ಮೂರು ನಂಬರು: ಟಿಸಿಟಿಎಲ್ 94, ಟಿಡೈ 84, ಕೆಳಗಡೆ ಮದರ್‌ಬೋರ್ಡ್ ಭಾಗದಲ್ಲಿ ಬರೀ ‘ಸಿಪಿಯು’ ಅಂತ 61.

ಈ ಮೂರೂ ಏನು ಅಂತ ಹೇಳ್ತೀನಿ. ಟಿಡೈ ಅಂದ್ರೆ ಸಿಲಿಕಾನ್ ಒಳಗಿನ ಸೆನ್ಸಾರ್ ಲೆಕ್ಕ, ನಮಗೆ ಬೇಕಾಗಿದ್ದು ಅದು. ಟಿಸಿಟಿಎಲ್ ಅಂದ್ರೆ ಫ್ಯಾನ್ ಕಂಟ್ರೋಲಿಗೆ ಅಂತ ಎಎಂಡಿ ಬೇಕಂತ್ಲೇ ಏರಿಸಿ ಕೊಡೋ ನಂಬರು, 2700ಎಕ್ಸ್‌ಗೆ 10 ಡಿಗ್ರಿ ಸೇರಿಸ್ತಾರೆ, 2017ರ 1700ಎಕ್ಸ್, 1800ಎಕ್ಸ್‌ಗೆ 20 ಇತ್ತು, ಥ್ರೆಡ್‌ರಿಪ್ಪರ್ 1950ಎಕ್ಸ್‌ಗೆ 27. ಮೂರನೇದು ಸಾಕೆಟ್ (ಪ್ರಾಸೆಸರ್ ಕೂರೋ ಜಾಗ) ಕೆಳಗೆ ಬೋರ್ಡ್ ಮೇಲಿರೋ ಥರ್ಮಿಸ್ಟರ್ ಅನ್ನೋ ಬಿಸಿ ಅಳೆಯೋ ಸೆನ್ಸಾರ್‌ದು, ಬೋರ್ಡಿನ ಸೂಪರ್ ಐಒ ಅನ್ನೋ ಚಿಪ್ ಅದನ್ನ ಓದುತ್ತೆ. ಪ್ರಾಸೆಸರ್ ಬಿಸಿಯ ಹೆಚ್ಚಿನ ಪಾಲು ಮೇಲೆ ಕೂಲರಿಗೆ ಹೋಗುತ್ತೆ, ಉಳಿದ ಸ್ವಲ್ಪ ಪಿನ್ನು, ಬೋರ್ಡು ದಾಟಿ ಈ ಸೆನ್ಸಾರ್ ಹತ್ರ ಬರೋ ಹೊತ್ತಿಗೆ ಕಮ್ಮಿನೂ ಆಗಿರುತ್ತೆ, ತಡನೂ ಆಗಿರುತ್ತೆ.

ನಿಮ್ಮ ಬೋರ್ಡ್ ಯಾವ್ದನ್ನ ತೋರಿಸ್ತಿದೆ ಅಂತ ಕಂಡುಹಿಡಿಯೋದು ಸುಲಭ. ಪ್ರೈಮ್95 ಸ್ಟಾರ್ಟ್ ಒತ್ತಿ ಮೊದಲ ಹತ್ತು ಸೆಕೆಂಡ್ ಕಣ್ಣು ಕೀಳದೆ ನೋಡಿ. ನಂದ್ರಲ್ಲಿ ಟಿಡೈ ಒತ್ತಿದ ತಕ್ಷಣ 36ರಿಂದ 60ರ ಮೇಲಕ್ಕೆ ಹಾರಿತು, ಸಾಕೆಟ್ ನಂಬರು 34, 35, 35, 36 ಅಂತ ಇರುವೆ ಹರಿದಂಗೆ ಹತ್ತಿ 61 ಮುಟ್ಟೋಕೆ ಐದಾರು ನಿಮಿಷ ತಗೊಂಡಿತು. ಲೋಡ್ ನಿಲ್ಲಿಸಿದಾಗಲೂ ಹಾಗೇ, ಟಿಡೈ ದಬಕ್ಕನೆ ಬೀಳುತ್ತೆ, ಇದು ಆರಾಮಾಗಿ ಇಳಿಯುತ್ತೆ.

ಬರೀ ತೋರಿಸೋದ್ರಲ್ಲಿ ತಪ್ಪಿದ್ರೆ ಇನ್ನೊಂದು ಸಾಫ್ಟ್‌ವೇರ್ ನೋಡ್ಕೊಂಡು ಇರ್ತಿದ್ದೆ. ಆದ್ರೆ ಈ ಬೋರ್ಡಲ್ಲಿ ಸಿಪಿಯು ಫ್ಯಾನ್ ನಡೆಯೋದೂ ಅದೇ 61ನ್ನ ನಂಬಿ, ಬಯಾಸಲ್ಲಿ (ಬೋರ್ಡಿನದೇ ಸೆಟ್ಟಿಂಗ್ಸ್ ಇರೋ ಪ್ರೋಗ್ರಾಂ) ಬೇರೆ ಸೆನ್ಸಾರ್ ಆರಿಸೋ ಆಪ್ಷನ್ನೇ ಇಲ್ಲ, ಎಲ್ಲಾ ಮೆನು ಜಾಲಾಡಿದೆ. ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದಂಗೆ, ಒಳಗೆ 84 ಆದ್ಮೇಲೂ ಫ್ಯಾನಿಗೆ ಸುದ್ದಿನೇ ಮುಟ್ಟಿರಲ್ಲ. ಕಂಪನಿಗೆ ಬರೆದೆ, ಬಯಾಸ್ ಅಪ್ಡೇಟ್ ಮಾಡಿ ಅಂದ್ರು, ಮಾಡಿದೆ. ಫ್ಯಾನನ್ನ ಒಂದೇ ಸ್ಪೀಡಿಗೆ ಫಿಕ್ಸ್ ಮಾಡಿ ಹಳೇ ಬಯಾಸು, ಹೊಸ ಬಯಾಸು ಎರಡರಲ್ಲೂ ಅಳೆದೆ: ಟಿಡೈ ಕದಲಿಲ್ಲ, ಸಾಕೆಟ್ ನಂಬರ್ ಮಾತ್ರ ಐಡಲ್‌ನಲ್ಲೂ (ಕೆಲಸ ಇಲ್ಲದೆ ಸುಮ್ನಿರುವಾಗ) ಲೋಡ್‌ನಲ್ಲೂ ಸರಿಯಾಗಿ 7 ಡಿಗ್ರಿ ಮೇಲೆ. ಅಂದ್ರೆ ಅದೇ ಸೆನ್ಸಾರಿಗೆ 7 ಕೂಡಿಸಿ ಕೊಟ್ಟಿದ್ದಾರೆ. ಐಡಲ್‌ನಲ್ಲಿ ನಿಜಕ್ಕಿಂತ ಜಾಸ್ತಿ, ಲೋಡ್‌ನಲ್ಲಿ ನಿಜಕ್ಕಿಂತ ಕಮ್ಮಿ. ದುಡ್ಡು ಕೊಟ್ಟು ತಗೊಂಡ ಬೋರ್ಡು ಹಿಂಗೆ ಮಾಡಿದ್ರೆ ಹೊಟ್ಟೆ ಉರಿಯುತ್ತೆ, ಅವತ್ತೇ ಬದಲಾಯಿಸೋದು ಅಂತ ನಿರ್ಧಾರ ಮಾಡಿದ್ದು.

ಎರಡನೇ ಬೋರ್ಡ್ ಸಾದಾ, ಲೈಟಿಲ್ಲ, ಡಿಸ್‌ಪ್ಲೇ ಇಲ್ಲ. ಆದ್ರೆ ಪ್ರತಿ ಫ್ಯಾನ್ ಹೆಡರಿಗೂ (ಫ್ಯಾನ್ ವೈರ್ ಸಿಕ್ಕಿಸೋ ಪಿನ್ನು) ಯಾವ ಸೆನ್ಸಾರ್ ನೋಡಬೇಕು ಅಂತ ಬಯಾಸಲ್ಲೇ ಆರಿಸಬಹುದು, ಪ್ರಾಸೆಸರ್ ಕೊಡೋ ನಂಬರನ್ನೇ ಓದುತ್ತೆ. ಓದೋದು ಟಿಸಿಟಿಎಲ್ ಆದ್ರಿಂದ 10 ಡಿಗ್ರಿ ಲೆಕ್ಕ ಇಟ್ಕೋಬೇಕು, 75ಕ್ಕೆ ಫ್ಯಾನ್ ಜೋರಾಗ್ಬೇಕು ಅಂದ್ರೆ 85 ಅಂತ ಹಾಕ್ಬೇಕು. ಇನ್ನೊಂದು, ಡೈ ಸೆನ್ಸಾರ್ ಚುರುಕು ಜಾಸ್ತಿ, ಬ್ರೌಸರ್ ತೆರೆದ್ರೂ ಒಂದು ಕ್ಷಣ ಹತ್ತು ಹದಿನೈದು ಡಿಗ್ರಿ ನೆಗೆಯುತ್ತೆ, ಅದರ ಹಿಂದೆ ಫ್ಯಾನೂ ಗುಯ್ ಗುಯ್ ಅಂತ ಏರಿಳಿಯುತ್ತೆ. ಫ್ಯಾನ್ ಸ್ಟೆಪ್-ಅಪ್ ಡಿಲೇ ಅಂತ ಇರುತ್ತಲ್ಲ, ಅದನ್ನ ಸ್ವಲ್ಪ ಜಾಸ್ತಿ ಮಾಡಿದ್ಮೇಲೆ ಶಾಂತ ಆಯ್ತು. ಈಗ 4.1, 1.3 ವೋಲ್ಟ್, ಪ್ರೈಮ್95 ನಾಲ್ಕು ಗಂಟೆ, ಟಿಡೈ 74, ಒಂದೂ ಎರರ್ ಇಲ್ಲ. ನಾನು ವೀಕು ಅಂತ ಬಯ್ದಿದ್ದ ಅದೇ ಚಿಪ್ಪು.

ಮೆಮೊರಿ ಎರಡರಲ್ಲೂ 3200ರಲ್ಲಿ ಓಡುತ್ತೆ. ಲೋಡ್‌ನಲ್ಲಿ ವೋಲ್ಟೇಜ್ ಬೀಳದಂಗೆ ಹಿಡಿಯೋದ್ರಲ್ಲಿ ಮೊದಲನೇದೇ ಮೇಲು, ಒಪ್ಕೋತೀನಿ. ಮೊದಲನೇದ್ರಲ್ಲಿ ಇನ್ನೊಂದು ಸೆನ್ಸಾರ್ ಯಾವಾಗ್ಲೂ 127 ಅಂತ ತೋರಿಸ್ತಿತ್ತು, ಅದು ಏನೂ ಜೋಡಿಸದ ಪಿನ್ನು, ಹೆದರ್ಬೇಡಿ. ಬಯಾಸ್ ಸ್ಕ್ರೀನಲ್ಲಿ ವಿಂಡೋಸ್ ಐಡಲ್‌ಗಿಂತ ಜಾಸ್ತಿ ಬಿಸಿ ಕಾಣೋದು ಎರಡರಲ್ಲೂ ಇದೆ, ಅಲ್ಲಿ ಪ್ರಾಸೆಸರ್ ನಿದ್ದೆಗೆ ಹೋಗಲ್ಲ, ಅದಕ್ಕೆ. ಇಂಟೆಲ್ ಇರೋರಿಗೆ ಒಂದ್ಮಾತು: ಅದರ ಕೋರ್ ಸೆನ್ಸಾರ್ ಹೇಳೋದು ಟಿಜೆಮ್ಯಾಕ್ಸ್ (ಆ ಚಿಪ್ಪಿನ ಗರಿಷ್ಠ ಬಿಸಿ ಮಿತಿ) ಮುಟ್ಟೋಕೆ ಇನ್ನೆಷ್ಟು ಡಿಗ್ರಿ ಬಾಕಿ ಅಂತ, ಮಿತಿ ಹತ್ರ ನಿಖರ, ಐಡಲ್‌ನಲ್ಲಿ ಅಷ್ಟು ನಿಖರ ಅಲ್ಲ, ಹಾಗಾಗಿ ಐಡಲ್‌ನಲ್ಲಿ ಕೋರ್ ಕೋರಿಗೂ ನಾಲ್ಕೈದು ಡಿಗ್ರಿ ವ್ಯತ್ಯಾಸ ಇದ್ರೆ ತಲೆ ಕೆಡಿಸ್ಕೋಬೇಡಿ.

ನಾನು ರಾತ್ರಿ ರೆಂಡರ್ ಹಾಕಿ ಮಲಗೋ ಅಭ್ಯಾಸದವನು, ನಂಬರ್ ನೋಡ್ತಾ ಕೂರಲ್ಲ, ಪ್ರಾಸೆಸರ್ ಹೋದ್ರೆ ಇನ್ನೊಂದು ತಗೊಳ್ಳೋ ಬಜೆಟ್ಟೂ ಇಲ್ಲ, ಅದಕ್ಕೆ ಫ್ಯಾನ್ ಸರಿಯಾದ ಸೆನ್ಸಾರ್ ನೋಡೋದು ನನಗೆ ಉಳಿದೆಲ್ಲಕ್ಕಿಂತ ಮುಖ್ಯ. ನೀವು ಫ್ಯಾನ್ ಯಾವಾಗ್ಲೂ ಫುಲ್ ಸ್ಪೀಡಲ್ಲೇ ಇಡೋರಾದ್ರೆ, ಟೆಂಪರೇಚರನ್ನ ಎಚ್‌ಡಬ್ಲ್ಯೂಇನ್ಫೋದಲ್ಲೇ ನೋಡ್ಕೊಳ್ಳೋರಾದ್ರೆ ಮೊದಲನೇ ಬೋರ್ಡ್ ನಡೆಯುತ್ತೆ. ನಾನದನ್ನ ಈಗ ಫೈಲ್ ಇಡೋ ಮಷೀನಿಗೆ ಹಾಕಿದ್ದೀನಿ, ಓವರ್‌ಕ್ಲಾಕ್ ಇಲ್ಲ, ಫ್ಯಾನ್ ಒಂದೇ ಸ್ಪೀಡಿಗೆ ಫಿಕ್ಸು.